ಭಾರವೆಂಬ ಭ್ರಾಂತಿ

ಕಾಯಕ್ಕೆ ಬಂದ ಬೇನೆಯನ್ನು ಮಾನವನು ಮುಚ್ಚಿಡುವುದಿಲ್ಲ. ಎಲುಬು ಮುರಿದರೆ ಕಟ್ಟು ಕಟ್ಟಿಸುತ್ತಾನೆ. ಜ್ವರ ಬಂದರೆ ವೈದ್ಯನ ಬಾಗಿಲಿಗೆ ಹೋಗುತ್ತಾನೆ. ಕಪ್ಪತಗುಡ್ಡದ ನೆರಳಿನಲ್ಲಿ ಬಾಳುವ ಶಿರಹಟ್ಟಿ, ಮುಂಡರಗಿ ಸೀಮೆಯ ಹಿರಿಯರಂತೂ ಯಾವ ಬೇರು ಯಾವ ಬೇನೆಗೆಂಬುದನ್ನು ಬಲ್ಲವರು. ಆದರೆ ಅದೇ ಮನೆಯಲ್ಲಿ ಒಬ್ಬರ ಮನಕ್ಕೆ ಬೇನೆ ಬಂದಿತೆಂದರೆ ಬಾಗಿಲು ಮುಚ್ಚುತ್ತದೆ. ಮಗಳ ಲಗ್ನ ತಪ್ಪೀತು, ನೆರೆಯವರು ನಕ್ಕಾರು, ಮನೆತನದ ಹೆಸರು ಕೆಟ್ಟೀತು ಎಂಬ ಅಂಜಿಕೆ ಮುಂದೆ ಬರುತ್ತದೆ. ಹೀಗೆ ಮುಚ್ಚಿದ ಬಾಗಿಲಿನ ಹಿಂದೆ ಎಷ್ಟೋ ಜೀವಗಳು ತಮ್ಮ ಬಾಳನ್ನು ತಾವೇ ಮುಗಿಸಿಕೊಳ್ಳುತ್ತವೆ. 2022ನೆಯ ಇಸವಿಯೊಂದರಲ್ಲಿಯೇ ನಮ್ಮ ದೇಶದಲ್ಲಿ 1,70,924 ಜನರು ಆತ್ಮಹತ್ಯೆ ಮಾಡಿಕೊಂಡರೆಂದು ರಾಷ್ಟ್ರೀಯ ಅಪರಾಧ ದಾಖಲೆ ವಿಭಾಗದ ಲೆಕ್ಕವು ತಿಳಿಸುತ್ತದೆ. ಅವರಲ್ಲಿ ನೂರಕ್ಕೆ ಹದಿನೆಂಟಕ್ಕಿಂತ ಹೆಚ್ಚಿನವರಿಗೆ ಕಾಯಿಲೆಯೇ ಕಾರಣವೆಂದು ಬರೆಯಲಾಗಿದೆ.

ಇಷ್ಟಲಿಂಗವನ್ನು ಧರಿಸಿದ ಶರೀರವು ಶಿವನ ನೆಲೆ. ಅದನ್ನು ಕೆಡಿಸುವ ಅಧಿಕಾರ ಯಾರಿಗೂ ಇಲ್ಲವೆಂದು ಶರಣಧರ್ಮವು ಸಾರುತ್ತದೆ. ಇದು ಸತ್ಯವೇ. ಆದರೆ ಇಷ್ಟನ್ನೇ ಹೇಳಿ, ಸತ್ತವನನ್ನು ಪಾಪಿಯೆಂದೂ ಹೇಡಿಯೆಂದೂ ಜರೆದು ಸುಮ್ಮನಾದರೆ ಧರ್ಮದ ಅರ್ಧವನ್ನು ಮಾತ್ರ ಹೇಳಿದಂತಾಯಿತು. ಆ ಶರೀರವು ಶಿವನ ನೆಲೆಯಾಗಿದ್ದರೆ ಅದು ಕುಸಿಯುತ್ತಿರುವಾಗ ಆಸರೆ ಕೊಡುವ ಹೊಣೆ ಯಾರದು? ಬೇನೆಬಿದ್ದ ಮನವು ನೆಟ್ಟಗೆ ಆಲೋಚಿಸಲಾರದು. ಕಣ್ಣಿಗೆ ಪೊರೆ ಬಂದವನಿಗೆ ಹಗಲೂ ಮಬ್ಬಾಗಿ ಕಾಣುವಂತೆ ಆತನಿಗೆ ಬಾಳೆಲ್ಲವೂ ಮಬ್ಬಾಗಿ ಕಾಣುತ್ತದೆ. ಅದು ರೋಗದ ಗುಣವೇ ಹೊರತು ಆತನ ಗುಣವಲ್ಲ.

ಮನೋವ್ಯಾಧಿಯುಳ್ಳವರೆಲ್ಲರೂ ಈ ದಾರಿ ಹಿಡಿಯುವುದಿಲ್ಲ. ಹೆಚ್ಚಿನವರು ಹಿಡಿಯುವುದೇ ಇಲ್ಲ. ಕೆಲವರನ್ನು ಅತ್ತ ನೂಕುವ ಭಾವಗಳಾವುವೆಂಬುದನ್ನು ಗೃಹಸ್ಥರು ಅರಿಯಬೇಕು. ಮೊದಲನೆಯದು ನಿರಾಶೆ. ದುಃಖವೇ ಬೇರೆ, ನಿರಾಶೆಯೇ ಬೇರೆ. ದುಃಖಿಯು ಇಂದು ಅಳುತ್ತಾನೆ. ನಿರಾಶನು ನಾಳೆಯೆಂಬುದೇ ಇಲ್ಲವೆನ್ನುತ್ತಾನೆ. ಅಮೇರಿಕೆಯ ಮನೋವೈದ್ಯನಾದ ಆರನ್ ಬೆಕ್ ಮತ್ತು ಆತನ ಸಹಾಯಕರು, ಸಾಯುವ ಯೋಚನೆಯಿಂದ ಆಸ್ಪತ್ರೆ ಸೇರಿದ್ದ 207 ಜನರನ್ನು ಐದರಿಂದ ಹತ್ತು ವರ್ಷಗಳವರೆಗೆ ಗಮನಿಸಿ 1985ರಲ್ಲಿ ಒಂದು ವರದಿ ಪ್ರಕಟಿಸಿದರು. ಮುಂದೆ ಯಾರ ಜೀವಕ್ಕೆ ಅಪಾಯವುಂಟೆಂಬುದನ್ನು ದುಃಖದ ಆಳಕ್ಕಿಂತಲೂ ಈ ನಿರಾಶೆಯೇ ಹೆಚ್ಚು ನಿಚ್ಚಳವಾಗಿ ತೋರಿಸಿತೆಂದು ಅವರು ಕಂಡರು.

ಎರಡನೆಯದು, ತಾನು ಮನೆಗೆ ಭಾರವೆಂಬ ಭ್ರಾಂತಿ. 'ನಾನು ಇಲ್ಲದಿದ್ದರೆ ಇವರೆಲ್ಲ ಸುಖವಾಗಿರುತ್ತಾರೆ' ಎಂಬ ಮಾತು ರೋಗಿಯ ಬಾಯಿಂದ ಬಂದರೆ ಅದನ್ನು ವೈರಾಗ್ಯವೆಂದು ಬಗೆಯಲಾಗದು. ಅದು ಅಪಾಯದ ಕರೆ. ಇದರ ಬೆನ್ನಿಗೆ, ತನಗೆ ಯಾರೂ ಇಲ್ಲವೆಂಬ ಒಂಟಿತನವೂ ಕೂಡಿದರೆ ಸಾವಿನ ಬಯಕೆ ಬಲಿಯುತ್ತದೆಂದು ತಾಮಸ್ ಜಾಯ್ನರ್ ಎಂಬ ವಿದ್ವಾಂಸನು 2005ರಲ್ಲಿ ವಿವರಿಸಿದನು. ಮೂರನೆಯದು ನಾಚಿಕೆ. ಚಿತ್ತಭ್ರಮೆ ಇಳಿದು ತಿಳಿವು ಮರಳಿದ ತರುಣನು, ಕೆಟ್ಟ ಓದು, ತಪ್ಪಿದ ನೌಕರಿ, ದೂರವಾದ ಗೆಳೆಯರು ಇವನ್ನೆಲ್ಲ ಒಮ್ಮೆಲೇ ಕಂಡು ಕುಗ್ಗುತ್ತಾನೆ. ಆದುದರಿಂದಲೇ ಆಸ್ಪತ್ರೆಯಿಂದ ಮನೆಗೆ ಬಂದ ಮೊದಲ ವಾರಗಳು ಬಹಳ ಎಚ್ಚರದ ಕಾಲ. ಗುಣವಾಯಿತೆಂದು ಮನೆಯವರು ಕಣ್ಣು ತೆಗೆಯುವುದು ಆಗಲೇ!

ಇನ್ನೊಂದು ಅಪಾಯವನ್ನು ಭಕ್ತರು ವಿಶೇಷವಾಗಿ ಗಮನಿಸಬೇಕು. ಕೆಲವು ರೋಗಿಗಳಿಗೆ, ಎದುರಿಗೆ ಯಾರೂ ಇಲ್ಲದಿದ್ದರೂ ದನಿಗಳು ಕೇಳಿಸುತ್ತವೆ. 'ಬಾ, ಹೊರಟು ಬಾ' ಎಂದು ಆಜ್ಞೆ ಮಾಡುತ್ತವೆ. ಇದನ್ನು ಶಿವನ ಕರೆಯೆಂದು ತಿಳಿಯುವುದು ಘೋರವಾದ ತಪ್ಪು. ಶರಣರ ಐಕ್ಯವು ಸಾಧನೆಯ ಫಲ. ಅದಕ್ಕೂ ಈ ದನಿಗೂ ಯಾವ ಸಂಬಂಧವೂ ಇಲ್ಲ. ಇಂತಹ ದನಿ ಕೇಳುವವನನ್ನು ಅಂದೇ ವೈದ್ಯನಲ್ಲಿಗೆ ಕರೆದೊಯ್ಯಬೇಕು. ಹಿಂದೊಮ್ಮೆ ಸಾಯಲು ಪ್ರಯತ್ನಿಸಿದ್ದು, ರಾತ್ರಿಯೆಲ್ಲ ನಿದ್ದೆ ಬಾರದಿರುವುದು, ಕುಡಿತದ ಚಟ ಇವೂ ಅಪಾಯವನ್ನು ಹೆಚ್ಚಿಸುತ್ತವೆ.

ಗದುಗಿನ ಹತ್ತಿರದ ಲಕ್ಕುಂಡಿಯು ಅಜಗಣ್ಣ ಮುಕ್ತಾಯಕ್ಕರ ಊರೆಂದು ಪ್ರಸಿದ್ಧವಾಗಿದೆ. ಅಣ್ಣನನ್ನು ಕಳೆದುಕೊಂಡ ಮುಕ್ತಾಯಕ್ಕನಿಗೆ ಲೋಕವೇ ಬರಿದಾಯಿತು. ಅಣ್ಣನೇ ಆಕೆಗೆ ಗುರುವೂ ಆಗಿದ್ದನಷ್ಟೆ. ಶೋಕದಲ್ಲಿ ಮುಳುಗಿದ ಆಕೆಯೆಡೆಗೆ ಅಲ್ಲಮಪ್ರಭುಗಳು ಬಂದ ಪ್ರಸಂಗವು ಶೂನ್ಯಸಂಪಾದನೆಯಲ್ಲಿ ವಿಸ್ತಾರವಾಗಿ ಬಂದಿದೆ. ಮಹಾಜ್ಞಾನಿಗಳಾದ ಪ್ರಭುಗಳು ಒಂದು ಮಾತು ಉಪದೇಶಿಸಿ ಹೊರಟುಹೋಗಲಿಲ್ಲ. ಆಕೆ ಯಾರೆಂದು, ಅಳುವುದೇಕೆಂದು ಕೇಳಿದರು. ಆಕೆ ಮರುಮಾತನಾಡಿದಳು, ಎದುರುವಾದ ಹೂಡಿದಳು, ಅವರ ಮಾತನ್ನೇ ಪ್ರಶ್ನಿಸಿದಳು. ಪ್ರಭುಗಳು ಬೇಸರಪಡದೆ ಆ ಸಂವಾದವನ್ನು ಕೊನೆಮುಟ್ಟಿಸಿದರು. ಮುಕ್ತಾಯಕ್ಕನದು ಶೋಕವೇ ಹೊರತು ರೋಗವಲ್ಲ; ಅವಳ ಅನುಭಾವವೂ ಸಾಮಾನ್ಯರದಲ್ಲ. ಆದರೂ ನೊಂದವರ ಬಳಿಗೆ ಹೋಗುವ ಕ್ರಮ ಯಾವುದೆಂಬುದನ್ನು ಗೃಹಸ್ಥರು ಈ ಪ್ರಸಂಗದಿಂದ ಕಲಿಯಬಹುದು. ಮೊದಲು ಕೇಳಬೇಕು, ಆಮೇಲೆ ಹೇಳಬೇಕು.

ಭಾರವೆಂಬ ಮಾತಿಗೆ ಗದುಗಿನಲ್ಲಿಯೇ ಪ್ರತ್ಯಕ್ಷವಾದ ಉತ್ತರವುಂಟು. ಹಾನಗಲ್ಲ ಕುಮಾರ ಶಿವಯೋಗಿಗಳ ಕೃಪೆಗೆ ಪಾತ್ರರಾದ ಪಂಚಾಕ್ಷರಿ ಗವಾಯಿಗಳು ಅಂಧರು. ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳೂ ಎಳವೆಯಲ್ಲಿಯೇ ದೃಷ್ಟಿ ಕಳೆದುಕೊಂಡವರು. ಲೋಕವು ಭಾರವೆಂದು ಬಗೆದ ಕುರುಡ ಮಕ್ಕಳನ್ನೂ ಅನಾಥ ಮಕ್ಕಳನ್ನೂ ವೀರೇಶ್ವರ ಪುಣ್ಯಾಶ್ರಮವು ಕರೆದು, ಅನ್ನವಿಕ್ಕಿ, ಸಂಗೀತ ಕಲಿಸಿ, ಕಾಯಕಕ್ಕೆ ಹಚ್ಚಿತು. ಪುಟ್ಟರಾಜ ಗವಾಯಿಗಳು 2010ರಲ್ಲಿ ಲಿಂಗೈಕ್ಯರಾಗುವವರೆಗೂ ಈ ದಾಸೋಹವನ್ನು ನಡೆಯಿಸಿದರು. ಕಣ್ಣಿಲ್ಲದವನಿಗೆ ಕಾಯಕ ದೊರೆಯಬಹುದಾದರೆ ಮನ ನೊಂದವನಿಗೆ ಏಕೆ ದೊರೆಯಬಾರದು? ಬೆಟಗೇರಿಯ ನೇಕಾರನ ಮನೆಯಲ್ಲಿ ನೂಲು ಸುತ್ತುವುದಾಗಲಿ, ಲಕ್ಷ್ಮೇಶ್ವರದ ರೈತನ ಕಣದಲ್ಲಿ ಶೇಂಗಾ ಬಿಡಿಸುವುದಾಗಲಿ, ಆತನ ಶಕ್ತಿಗೆ ತಕ್ಕ ಒಂದು ಕೆಲಸ, ಪಂಕ್ತಿಯಲ್ಲಿ ಒಂದು ಎಡೆ, ಹೆಸರಿಟ್ಟು ಕರೆಯುವ ಒಂದು ದನಿ ಆತನಿಗೆ ದೊರೆಯಬೇಕು. ಭಾರವೆಂಬ ಭ್ರಾಂತಿಯು ಉಪದೇಶದಿಂದ ಅಳಿಯುವುದು ಕಡಿಮೆ. ತನ್ನ ಕೈಯಿಂದ ನಾಲ್ಕು ಜನರಿಗೆ ಪ್ರಯೋಜನವಾಯಿತೆಂಬ ಅನುಭವದಿಂದ ಅದು ಸಡಿಲಾಗುತ್ತದೆ.

ಇನ್ನು ಮನೆಯವರು ಮಾಡಬೇಕಾದುದೇನು? ಸಂಶಯ ಬಂದಾಗ ಸಮೀಪದಲ್ಲಿ ಕುಳಿತು, 'ಸಾಯಬೇಕೆಂಬ ವಿಚಾರ ಬರುತ್ತದೆಯೆ?' ಎಂದು ನೇರವಾಗಿ ಕೇಳಬೇಕು. ಕೇಳಿದರೆ ಇಲ್ಲದ ವಿಚಾರವನ್ನು ತಲೆಯಲ್ಲಿ ತುಂಬಿದಂತಾಗುತ್ತದೆಂಬ ಅಂಜಿಕೆ ನಿರಾಧಾರವಾದುದು; ಕೇಳುವುದರಿಂದ ಎದೆಯ ಭಾರ ಇಳಿಯುತ್ತದೆ. ಹತ್ತಿ, ಮೆಣಸಿನಕಾಯಿ ಬೆಳೆಯುವ ಮನೆಗಳಲ್ಲಿ ಬೆಳೆಗೆ ಸಿಂಪಡಿಸುವ ವಿಷವನ್ನು ಮನೆಯಲ್ಲಿಡದೆ, ಬೇರೆಡೆ ಬೀಗ ಹಾಕಿ, ಕೀಲಿಯನ್ನು ಇನ್ನೊಬ್ಬರ ಕೈಯಲ್ಲಿಡಬೇಕು. ಸಾಯುವ ಆವೇಗವು ಬಹಳ ವೇಳೆ ಸ್ವಲ್ಪ ಹೊತ್ತಿನದು. ಆ ಹೊತ್ತು ಕಳೆದರೆ ಜೀವ ಉಳಿಯುತ್ತದೆ. ಅಪಾಯದ ಹೊತ್ತಿನಲ್ಲಿ ರೋಗಿಯನ್ನು ಒಬ್ಬನನ್ನೇ ಬಿಡಬಾರದು. ವೈದ್ಯನು ಕೊಟ್ಟ ಔಷಧವನ್ನು, ಗುಣವಾಯಿತೆಂದು ತಾವೇ ನಿಲ್ಲಿಸಬಾರದು. ಪೂಜೆಯೂ ನಡೆಯಲಿ, ಔಷಧವೂ ನಡೆಯಲಿ. ಒಂದು ಇನ್ನೊಂದಕ್ಕೆ ವೈರಿಯಲ್ಲ.

ಚಿಕಿತ್ಸೆಗೆ ದೂರದೇಶಕ್ಕೆ ಹೋಗಬೇಕಾದುದಿಲ್ಲ. ಗದುಗಿನಲ್ಲಿ ಸರಕಾರದ ವೈದ್ಯಕೀಯ ವಿಜ್ಞಾನ ಸಂಸ್ಥೆಯುಂಟು. ಧಾರವಾಡದಲ್ಲಿ 1845ರಷ್ಟು ಹಿಂದೆಯೇ ಆರಂಭವಾದ ಮಾನಸಿಕ ಆಸ್ಪತ್ರೆಯು ಇಂದು ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆಯಾಗಿ ಬೆಳೆದಿದೆ. ಹೊರಡಲಾಗದವರು 14416 ಎಂಬ ಟೆಲಿ ಮಾನಸ್ ಸಂಖ್ಯೆಗೆ ಹಗಲಿರುಳೆನ್ನದೆ, ಖರ್ಚಿಲ್ಲದೆ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಈ ಸೇವೆಯನ್ನು ಕೇಂದ್ರ ಸರಕಾರವು 2022ರ ಅಕ್ಟೋಬರಿನಲ್ಲಿ ಆರಂಭಿಸಿತು. ಪೋಲೀಸರ ಅಂಜಿಕೆಯಿಂದ ಸಂಗತಿಯನ್ನು ಮುಚ್ಚಿಡುವ ಕಾರಣವೂ ಈಗ ಉಳಿದಿಲ್ಲ. ಸಾಯಲು ಪ್ರಯತ್ನಿಸಿದವನು ತೀವ್ರವಾದ ಮಾನಸಿಕ ಒತ್ತಡದಲ್ಲಿದ್ದನೆಂದೇ ಭಾವಿಸಬೇಕು, ಆತನಿಗೆ ಆರೈಕೆ ಕೊಡಬೇಕು ಎಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯು ವಿಧಿಸಿದೆ. ಇಂತಹ ಪ್ರಯತ್ನಕ್ಕೆ ಶಿಕ್ಷೆ ಹೇಳುತ್ತಿದ್ದ ಹಳೆಯ 309ನೆಯ ಕಲಮು, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಇಲ್ಲ.

ರಾಜ್ಯದ ಕಾನೂನೇ ನೊಂದವನ ಮೇಲೆ ಕರುಣೆ ತೋರಿರುವಾಗ ಭಕ್ತನ ಮನೆಯು ಕಠೋರವಾಗಬಹುದೆ? ಹೀಗೆ ಜೀವ ಕಳೆದುಕೊಂಡವರ ಮನೆಗೂ ಶರಣಬಂಧುಗಳು ಹೋಗಬೇಕು. ತಪ್ಪು ಹುಡುಕದೆ, ಆ ತಾಯಿತಂದೆಗಳ ಬಳಿ ಕುಳಿತು ಬರಬೇಕು. ಜಂಗಮಸೇವೆಯೆಂದರೆ ಮನೆಗೆ ಬಂದ ಅಯ್ಯನ ಪಾದಕ್ಕೆ ನೀರೆರೆಯುವುದಷ್ಟೇ ಅಲ್ಲ. ಚೈತನ್ಯವುಳ್ಳ ಪ್ರತಿಯೊಂದು ಜೀವವೂ ಜಂಗಮವೆಂದು ತಿಳಿದವನು, ತನ್ನ ಮನೆಯ ಕತ್ತಲಕೋಣೆಯಲ್ಲಿ ಮೌನವಾಗಿ ಕುಳಿತ ಮಗನನ್ನು, ಸೊಸೆಯನ್ನು, ತಮ್ಮನನ್ನು ಈ ಸಂಜೆಯೇ ಮಾತನಾಡಿಸಲಿ. ಅದು ಆತನ ಇಂದಿನ ಲಿಂಗಪೂಜೆಯಾಗಲಿ.