ಪಿನ್ನು ಕಳಚಿದಾಗ ತಪ್ಪು ಯಾರದು?

ನಿಮ್ಮ ಬೀದಿಗೆ ನೀರು ತರುವ ಟ್ರ್ಯಾಕ್ಟರನ್ನು ಎಂದಾದರೂ ಹತ್ತಿರದಿಂದ ನೋಡಿದ್ದೀರಾ? ಟ್ರ್ಯಾಕ್ಟರಿನ ಹಿಂದೆ ತೂತುಗಳಿರುವ ದಪ್ಪ ಕಬ್ಬಿಣದ ಪಟ್ಟಿ, ಟ್ಯಾಂಕರಿನ ಮೂತಿಯಲ್ಲಿ ಒಂದು ಬಳೆ. ಎರಡನ್ನೂ ಹೊಂದಿಸಿ ಮೇಲಿನಿಂದ ಒಂದು ಪಿನ್ನು ಇಳಿಬಿಡುತ್ತಾರೆ. ಕುಲುಕಾಟಕ್ಕೆ ಅದು ಮೇಲೆದ್ದು ಬಾರದಂತೆ ಕೆಳತುದಿಗೆ ಒಂದು ಸಣ್ಣ ಕ್ಲಿಪ್ಪು ಸಿಕ್ಕಿಸಬೇಕು. ಐದು ಸಾವಿರ ಲೀಟರು ನೀರೆಂದರೆ ಐದು ಟನ್ ಭಾರ, ಎಳೆಯುವ ಟ್ರ್ಯಾಕ್ಟರಿಗಿಂತಲೂ ಹೆಚ್ಚು. ಅಷ್ಟೂ ಭಾರ ಆ ಒಂದು ಪಿನ್ನನ್ನು ನಂಬಿಕೊಂಡು, ನಮ್ಮ ಮಕ್ಕಳು ಶಾಲೆಗೆ ನಡೆದುಹೋಗುವ ದಾರಿಯಲ್ಲೇ ಬರುತ್ತದೆ.

2024ರ ಬೇಸಿಗೆ ನಿಮಗೆ ನೆನಪಿರಬಹುದು. ಬೆಂಗಳೂರಿನ ಎಷ್ಟೋ ಬೋರ್‌ವೆಲ್‌ಗಳು ಬತ್ತಿ, ಮಾರ್ಚ್ ತಿಂಗಳಲ್ಲಿ ಜಿಲ್ಲಾಡಳಿತವೇ ಟ್ಯಾಂಕರ್ ನೀರಿಗೆ ದರ ಗೊತ್ತುಮಾಡಬೇಕಾಯಿತು. ಕತ್ರಿಗುಪ್ಪೆಯ ನಮ್ಮ ಅಡ್ಡರಸ್ತೆಗೂ ಆಗ ಟ್ರ್ಯಾಕ್ಟರೇ ಗತಿ. ಒಂದು ಮಧ್ಯಾಹ್ನ ಏರಿನಲ್ಲಿ ಬರುತ್ತಿದ್ದ ಟ್ಯಾಂಕರು ಹಂಪ್ ಹತ್ತಿಳಿಯುವಾಗ ಕಳಚಿಕೊಂಡಿತು. ಮೂತಿ ನೆಲಕ್ಕೆ ಬಡಿದು, ಟಾರನ್ನು ಕೆರೆಯುತ್ತಾ ಹಿಂದಕ್ಕೆ ಜಾರಿ, ಮೂಲೆಮನೆಯ ಕಾಂಪೌಂಡನ್ನು ಕೆಡವಿತು. ಆ ಗೋಡೆಗೆ ಒರಗಿ ದಿನವೂ ಹೂ ಕಟ್ಟುವ ಅಜ್ಜಿ ಆಗಷ್ಟೇ ಟೀ ಕುಡಿಯಲು ಎದ್ದುಹೋಗಿದ್ದರು.

ನೋಡಿದರೆ ಪಿನ್ನಿನ ಜಾಗದಲ್ಲಿದ್ದದ್ದು ಕಟ್ಟಡಕ್ಕೆ ಬಳಸುವ ಕಬ್ಬಿಣದ ಒಂದು ತುಂಡು. ಕ್ಲಿಪ್ಪು ಇರಲೇ ಇಲ್ಲ. ಪಿನ್ನು ಹೋದರೂ ಹಿಡಿದುಕೊಳ್ಳಲೆಂದು ಹಾಕುವ ಸರಪಳಿ ಟ್ಯಾಂಕರಿನಲ್ಲಿ ಸುಮ್ಮನೆ ಜೋತಾಡುತ್ತಿತ್ತು. ಸೇರಿದವರೆಲ್ಲ, “ದೇವರು ದೊಡ್ಡವನು, ಯಾರಿಗೂ ಏನೂ ಆಗಲಿಲ್ಲ” ಎಂದರು. ಗೋಡೆಯ ದುಡ್ಡು ಕೊಟ್ಟರು, ವಿಷಯ ಮುಗಿಯಿತು.

ನಿಜವಾಗಿಯೂ ಮುಗಿಯಿತೇ? ಅಜ್ಜಿ ಅಲ್ಲೇ ಕುಳಿತಿದ್ದರೆ ಅದೇ ಜನ ಡ್ರೈವರನನ್ನು ಹಿಡಿದು ಬಡಿಯುತ್ತಿದ್ದರು. ಅವನು ಮಾಡಿದ ಕೆಲಸದಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ, ವ್ಯತ್ಯಾಸವಿದ್ದದ್ದು ಒಂದು ಲೋಟ ಟೀಯಲ್ಲಿ. ಕಾನೂನು ಮುಖ್ಯವಾಗಿ ಫಲವನ್ನು ನೋಡಿಯೇ ಅಳೆಯುತ್ತದೆ. ಅಜಾಗರೂಕತೆಯಿಂದ ಸಾವು ಉಂಟಾದರೆ ಹಳೆಯ ದಂಡಸಂಹಿತೆಯಲ್ಲಿ ಎರಡು ವರ್ಷದವರೆಗೆ ಸೆರೆಯಿತ್ತು, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಐದು ವರ್ಷದವರೆಗೆ ಇದೆ. ಸಾವಾಗದಿದ್ದರೆ ಆ ಕಲಮು ಹತ್ತಿರ ಸುಳಿಯುವುದಿಲ್ಲ. ನ್ಯಾಯಾಲಯ ಹಾಗೆ ಅಳೆಯಲಿ. ನಮ್ಮ ಅಂತಃಸಾಕ್ಷಿಯೂ ಹಾಗೆಯೇ ಅಳೆಯಬೇಕೇ?

ಪವಿತ್ರ ಗ್ರಂಥದಲ್ಲಿ ಎರಡು ನಿಯಮಗಳಿವೆ. ವಿಮೋಚನಾಕಾಂಡದ 21ನೇ ಅಧ್ಯಾಯದಲ್ಲಿ, ಗುಂಡಿ ತೋಡಿ ಮುಚ್ಚದೆ ಬಿಟ್ಟವನು ಅದರೊಳಗೆ ಎತ್ತೋ ಕತ್ತೆಯೋ ಬಿದ್ದು ಸತ್ತರೆ ನಷ್ಟ ಕಟ್ಟಿಕೊಡಬೇಕು. ಧರ್ಮೋಪದೇಶಕಾಂಡದ 22ನೇ ಅಧ್ಯಾಯ ಇನ್ನೊಂದು ಹೆಜ್ಜೆ ಮುಂದಿದೆ: ಹೊಸ ಮನೆ ಕಟ್ಟುವವನು ಮಾಳಿಗೆಗೆ ಕೈಪಿಡಿಗೋಡೆ ಕಟ್ಟಬೇಕು. ಅಲ್ಲಿ ಯಾರೂ ಇನ್ನೂ ಬಿದ್ದಿಲ್ಲ. ಬೀಳುವ ಮೊದಲೇ ಮನೆಯವನ ಮೇಲೆ ಹೊಣೆ ಬಂದಾಗಿದೆ. ಟ್ಯಾಂಕರಿನ ತಪ್ಪೂ ಹಂಪ್ ಬಳಿ ನಡೆದದ್ದಲ್ಲ, ನೀರು ತುಂಬಿದ ಜಾಗದಲ್ಲಿ ಕಬ್ಬಿಣದ ತುಂಡನ್ನು ತೂರಿಸಿದಾಗಲೇ ನಡೆದುಹೋಗಿತ್ತು ಎಂದು ನನಗನಿಸುತ್ತದೆ. ಪಾಪನಿವೇದನೆಗೆ ಮುಂಚೆ ಆತ್ಮಶೋಧನೆ ಮಾಡಿಕೊಳ್ಳುವಾಗ ನಾವು ಆದದ್ದನ್ನು ಲೆಕ್ಕ ಹಾಕುತ್ತೇವೆ. ಆಗದೆ ಉಳಿದದ್ದನ್ನು ದೇವರ ಕೃಪೆಯ ಲೆಕ್ಕಕ್ಕೆ ಬರೆದು ಮರೆತುಬಿಡುತ್ತೇವೆ.

“ದಿನಕ್ಕೆ ಹತ್ತು ಟ್ರಿಪ್ ಹೊಡೆಯುವ ಬಡವ, ಪ್ರತಿಸಲ ನೋಡುತ್ತಾ ಕೂರಲು ಆಗುತ್ತದೆಯೇ?” ಎಂದು ನೀವು ಕೇಳಬಹುದು. ಕ್ಲಿಪ್ಪು ಹಾಕಿ, ಸರಪಳಿ ಸಿಕ್ಕಿಸಿ, ಗಾಡಿಯನ್ನು ಒಂದು ಮಾರು ಮುಂದಕ್ಕೆಳೆದು ತಿರುಗಿ ನೋಡಲು ಒಂದು ನಿಮಿಷ ಸಾಕು. ಇದಕ್ಕಿಂತ ಕಳವಳಪಡಿಸುವ ಸಂಗತಿ ಬೇರೆ ಇದೆ. ಟ್ರ್ಯಾಕ್ಟರು ಹಿಂದಕ್ಕೆ ಬರುವಾಗ ಪಿನ್ನು ಹಿಡಿದು ಎರಡರ ನಡುವೆ ನಿಲ್ಲುವವನು ಸಾಮಾನ್ಯವಾಗಿ ಕ್ಲೀನರ್ ಹುಡುಗ. ಡ್ರೈವರನ ಕಾಲು ಕ್ಲಚ್ಚಿನಿಂದ ಜಾರಿದರೆ ಹೋಗುವುದು ಆ ಹುಡುಗನ ಬೆರಳು, ಇಲ್ಲವೇ ಪ್ರಾಣ. ಗಾಡಿ ಪೂರ್ತಿ ನಿಂತ ಮೇಲೆ ಅವನನ್ನು ಒಳಗೆ ಕರೆದರೆ ಏನು ಗಂಟು ಹೋಗುತ್ತದೆ?

ಎಲ್ಲರೂ ತಪ್ಪಿತಸ್ಥರೇ ಎಂದು ಹೇಳಿ ಕೈತೊಳೆದುಕೊಳ್ಳುವುದು ನನಗೆ ಒಪ್ಪಿಗೆಯಿಲ್ಲ. ಹಾಗೆಂದರೆ ಯಾರೂ ಅಲ್ಲವೆಂದೇ ಅರ್ಥ. ಪಿನ್ನು ಕೊಡಿಸದ ಮಾಲೀಕ ಮೊದಲು, ಗೊತ್ತಿದ್ದೂ ಎಳೆದ ಡ್ರೈವರ್ ನಂತರ, ಹುಡುಗ ಎಲ್ಲರಿಗಿಂತ ಕೊನೆಗೆ. ಇನ್ನು ನನ್ನ ಪಾಲು? ಆ ದಿನ ನೀರು ಬರುತ್ತಿದ್ದದ್ದು ನಮ್ಮ ಮನೆಗೆ. ಮೂರು ಸಲ ಫೋನು ಮಾಡಿ, “ಇನ್ನೂ ಬರಲಿಲ್ಲವಲ್ಲ, ಬೇರೆಯವರನ್ನು ಕರೆಯುತ್ತೇನೆ” ಎಂದು ಗದರಿದವನು ನಾನೇ. ಪಿನ್ನಿನ ವಿಷಯ ನನಗೆ ತಿಳಿದಿರಲಿಲ್ಲ, ನಿಜ. ಅವಸರ ಮಾತ್ರ ನನ್ನದೇ.

ಈಗ ಟ್ಯಾಂಕರು ಬಂದಾಗ ಕೆಳಗಿಳಿದು ಬಗ್ಗಿ ನೋಡುತ್ತೇನೆ. ಮನೆಯಾಕೆಗೆ ನಗು. ಕಳೆದ ಸಲ ಬಂದ ಡ್ರೈವರು ಕ್ಲಿಪ್ಪನ್ನು ಬೆರಳಿನಿಂದ ತಟ್ಟಿ ತೋರಿಸಿ, “ಇದೆ ಸಾರ್, ನೋಡ್ಕೊಳ್ಳಿ. ಆದ್ರೆ ನೀವು ಹತ್ತು ಹತ್ತು ನಿಮಿಷಕ್ಕೂ ಫೋನ್ ಮಾಡ್ಬೇಡಿ” ಎಂದ. ಆಗಲಪ್ಪ ಎಂದು ಹೇಳಿ ದುಡ್ಡು ತರಲು ಒಳಗೆ ಹೋದೆ.