ಹಿತ್ತಿಲ ಬಳ್ಳಿಯ ದಾಸೋಹ

ಸದ್ಭಕ್ತರೇ,

ಮನೆಯ ಹಿತ್ತಿಲಲ್ಲಿ ಹೀರೆಯ ಬಳ್ಳಿಯೊಂದನ್ನು ಹಬ್ಬಿಸಿದ ಗೃಹಸ್ಥನಿಗೆ ದೊರೆಯುವ ಆನಂದವು, ಸಂತೆಯಿಂದ ಚೀಲ ತುಂಬ ಕಾಯಿ ತಂದವನಿಗೆ ದೊರೆಯದು. ಬೀಜವನ್ನೂರಿ, ಅಕ್ಕಿ ತೊಳೆದ ನೀರನ್ನೆರೆದು, ಚಪ್ಪರ ಕಟ್ಟಿ, ಸಂಜೆ ಅರಳುವ ಹಳದಿ ಹೂವನ್ನು ಕಂಡು ಅವನು ಹಿಗ್ಗುತ್ತಾನೆ. ಮೊದಲ ಎಳೆಗಾಯಿ ಕೈಗೆ ಬಂದ ದಿನ, ಇದು ನನ್ನ ಬೆವರಿನ ಫಲವೆಂಬ ಹೆಮ್ಮೆಯೂ ಮೂಡುವುದು ಸಹಜ. ಆದರೆ ವಿಚಾರಿಸಿ ನೋಡಿರಿ: ಹೂವಿನಿಂದ ಹೂವಿಗೆ ಪರಾಗವನ್ನೊಯ್ದ ಕೀಟಕ್ಕೆ ನಾವು ಕೂಲಿ ಕೊಟ್ಟೆವೇ? ದುಡಿಮೆ ನಮ್ಮದು, ಫಲ ಶಿವನದು. ಈ ಅರಿವಿನಿಂದ ಮಾಡಿದ ಕೃಷಿಯೇ ಕಾಯಕ.

ಇನ್ನು ಹಂಚುವ ವಿಚಾರ. ಹಂಚದವರು ನಮ್ಮಲ್ಲಿ ವಿರಳ. ಆದರೆ ನಾವು ಹಂಚುವುದು ಯಾವುದನ್ನು? ಎಳೆಯದನ್ನು ನಮ್ಮ ಸಾರಿಗೆ ಇರಿಸಿಕೊಂಡು, ಬಲಿತು ನಾರಾದುದನ್ನು ನೆರೆಯವರ ಬಾಗಿಲಿಗೆ ಕಳುಹಿಸುತ್ತೇವೆ. ಮೇಲೆ, ಕೊಟ್ಟೆನೆಂಬ ಮಾತನ್ನು ವರ್ಷವಿಡೀ ನೆನೆಯುತ್ತೇವೆ. ಇದು ದಾನವೆನಿಸಿದರೂ ಎನಿಸೀತು, ದಾಸೋಹವಾಗದು. ದಾನದಲ್ಲಿ ಕೊಡುವವನು ಮೇಲೆ ನಿಲ್ಲುತ್ತಾನೆ. ದಾಸೋಹದಲ್ಲಿ ಕೊಡುವವನೇ ಸೇವಕ.

ಬಳ್ಳಿಯ ಸ್ವಭಾವವನ್ನು ಗಮನಿಸಿರಿ. ಹೀರೆ, ಬೆಂಡೆ, ಹುರುಳಿಕಾಯಿ ಇವುಗಳನ್ನು ಎಳೆಯದಿರುವಾಗಲೇ ಕೊಯ್ದಷ್ಟೂ ಹೊಸ ಹೂವು ಬರುತ್ತದೆ. ಕೊಯ್ಯದೆ ಬಲಿಯಲು ಬಿಟ್ಟರೆ, ಗಿಡದ ಶಕ್ತಿಯೆಲ್ಲ ಬೀಜಕ್ಕೆ ಹೋಗಿ ಹೊಸ ಫಲ ಕುಗ್ಗುತ್ತದೆ. ಕೂಡಿಟ್ಟ ಮನೆಗಿಂತ ಕೊಟ್ಟ ಮನೆ ತುಂಬಿರುವುದೆಂಬುದಕ್ಕೆ ಬೇರೆ ಸಾಕ್ಷಿ ಬೇಕೆ? ಮುಂದಿನ ಬಿತ್ತನೆಗೆಂದು ಒಂದೆರಡು ಕಾಯಿಗಳನ್ನು ಬಳ್ಳಿಯಲ್ಲಿಯೇ ಒಣಗಲು ಬಿಡುವುದು ಲೋಭವಲ್ಲ. ಆ ಬೀಜದಲ್ಲಿಯೂ ನೆರೆಯವರಿಗೆ ಒಂದು ಹಿಡಿ ಸಲ್ಲಲಿ.

12ನೆಯ ಶತಮಾನದ ಕಲ್ಯಾಣದಲ್ಲಿ, ಚೆಲ್ಲಿದ ಅಕ್ಕಿಯನ್ನಾಯುವ ಕಾಯಕದ ಮಾರಯ್ಯನವರು ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ, ಸತಿ ಲಕ್ಕಮ್ಮನವರು ಅದನ್ನು ಹಿಂದಿರುಗಿಸುವಂತೆ ಮಾಡಿದ ಕಥೆಯನ್ನು ಎಲ್ಲರೂ ಬಲ್ಲಿರಿ. ಬಡತನದ ಮನೆಯಲ್ಲಿಯೇ ಆ ತಾಯಿ ಸಾಕೆಂಬ ಗೆರೆಯನ್ನೆಳೆದರು. ನಮ್ಮ ಮೊರ ತುಂಬಿರುವಾಗ ಆ ಗೆರೆಯನ್ನೆಳೆಯಲು ನಾವೇಕೆ ಹಿಂಜರಿಯಬೇಕು?

ಆದುದರಿಂದ, ತಾಯಂದಿರೇ, ಮಹನೀಯರೇ, ಬಿಡಿಸಿದ ಕಾಯಿಗಳನ್ನು ಮೊರದಲ್ಲಿ ಹರಡಿದಾಗ ಮೊದಲು ಎಳೆಯದನ್ನು ಆರಿಸಿ ನೆರೆಮನೆಗೆಂದು ಎತ್ತಿಡಿರಿ. ಉಳಿದುದನ್ನು ಅಡಿಗೆ ಮಾಡಿ, ಲಿಂಗಕ್ಕರ್ಪಿಸಿ, ಪ್ರಸಾದವೆಂದು ಸೇವಿಸಿರಿ. ಹಿತ್ತಿಲಿಲ್ಲದ ಪಟ್ಟಣವಾಸಿಗಳು ಕುಂಡದಲ್ಲಿ ಒಂದು ಹಿಡಿ ಮೆಂತ್ಯವನ್ನಾದರೂ ಬಿತ್ತಲಿ. ಒಂದೇ ಹಿಡಿ ಸೊಪ್ಪಾದರೂ ಅದರಲ್ಲಿ ಅರ್ಧ ಪರರದಾಗಲಿ.

ನಮ್ಮ ಬಳ್ಳಿಗಳು ಬೇಲಿಯನ್ನು ದಾಟಿ ಹಬ್ಬುವಂತೆ ನಮ್ಮ ಮನಸ್ಸೂ ಹಬ್ಬಲೆಂದು ಶಿವನಲ್ಲಿ ಬೇಡಿಕೊಳ್ಳುತ್ತೇವೆ.

ಶರಣು ಶರಣಾರ್ಥಿ.