ರೊಕ್ಕ ಕಡಿಮೆ ಬಿದ್ದಿತ್ತು

ನಾನು ಬಿಇ ಎರಡನೇ ವರ್ಷದಲ್ಲಿದ್ದಾಗ ಕಾಕಾ ಕೆಲಸ ಕಳ್ಕೊಂಡರು. ಗಂಗಾವತಿಯ ಒಂದು ಬೀಜ-ಗೊಬ್ಬರದ ಅಂಗಡಿಯಲ್ಲಿ ಹನ್ನೊಂದು ವರ್ಷ ಮ್ಯಾನೇಜರ್ ಆಗಿದ್ದವರು. ಭತ್ತದ ನಾಟಿ ಹೊತ್ತಿಗೆ ಅಲ್ಲಿ ಕಾಲಿಡೋಕೆ ಜಾಗ ಇರ್ತಿರಲಿಲ್ಲ. ಅರ್ಧ ವ್ಯಾಪಾರ ನಗದು, ಅರ್ಧ ಉದ್ರಿ. ಹಂಗಾಮು ಮುಗಿದು ಲೆಕ್ಕ ಹಾಕಿದಾಗ 42,000 ರೂಪಾಯಿ ಕಡಿಮೆ ಬಿತ್ತು. ಅವತ್ತೇ ಸಂಜೆ ಸಾಹುಕಾರ್ರು ಗಲ್ಲಾದ ಕೀಲಿ ಇಸ್ಕೊಂಡು, ‘ನಾಳಿಂದ ಬರಬ್ಯಾಡ್ರಿ’ ಅಂದರು. ನೋಟಿಸ್ ಇಲ್ಲ, ಕಾಗದ ಇಲ್ಲ, ಆ ತಿಂಗಳ ಪಗಾರವೂ ಇಲ್ಲ.

ಗಲ್ಲಾಕ್ಕೆ ಕೈ ಹಾಕ್ತಿದ್ದವರು ಮೂವರು: ಕಾಕಾ, ಸಾಹುಕಾರ್ರ ಮಗ, ಸಾಮಾನು ಕೊಡುವ ಹುಡುಗ. ಉಳಿದಿಬ್ಬರನ್ನು ಯಾರೂ ಏನೂ ಕೇಳಲಿಲ್ಲ. ಆ ವರ್ಷವೇ ಕಿರ್ದಿ ಪುಸ್ತಕ ಬಿಟ್ಟು ಕಂಪ್ಯೂಟರ್ ಬಿಲ್ಲಿಂಗ್ ತಂದಿದ್ದರು. ಉದ್ರಿ ಕೊಟ್ಟದ್ದನ್ನು ಅವಸರದಲ್ಲಿ ನಗದು ಅಂತ ಏರಿಸಿದರೂ ಸಂಜೆ ಗಲ್ಲಾ ಕಡಿಮೆ ಬೀಳುತ್ತೆ. (ಇದು ನನಗೆ ಈಗ ಗೊತ್ತು. ಇಂಥ ಸಾಫ್ಟ್‌ವೇರ್ ಬರೆದೇ ಸಂಬಳ ತಗೋತೀನಿ.)

ಯಲಬುರ್ಗಾ ತಾಲ್ಲೂಕಿನ ನಮ್ಮೂರಿಗೆ ಕಾಕಾಗಿಂತ ಮುಂಚೆ ಸುದ್ದಿ ಬಂತು. ‘ಹುಡುಗನ ಕಾಲೇಜು ಫೀಸು ಎಲ್ಲಿಂದ ಬಂತು ಅಂತ ಈಗ ತಿಳೀತು ನೋಡು’ ಅಂತ ಕಟ್ಟೆ ಮೇಲೆ ಯಾರೋ ಅಂದರಂತೆ. ಆ ವರ್ಷ ನನ್ನ ಫೀಸು ಕಟ್ಟಿದ್ದು ಕಾಕಾನೇ.

ಒಂದು ಮಾತು ಒಪ್ಕೋಬೇಕು. ಕಾಕಾ ರೊಕ್ಕ ಮುಟ್ಟಿರಲಿಲ್ಲ ಅಂತ ನಾನು ಪ್ರಮಾಣ ಮಾಡಿ ಹೇಳಲಾರೆ. ಕೇಳೋ ಧೈರ್ಯ ನನಗೂ ಆಗಲಿಲ್ಲ. ಆದರೆ ಸಾಹುಕಾರ್ರಿಗೂ ಏನೂ ಗೊತ್ತಿರಲಿಲ್ಲ. ರೊಕ್ಕ ಕಡಿಮೆ ಬಿದ್ದದ್ದು ಲೆಕ್ಕ, ಕಾಕಾ ಕದ್ದರು ಅನ್ನೋದು ಊಹೆ. ನಡುವೆ ಯಾರಾದರೂ ಕೂತು ಕೇಳಬೇಕಿತ್ತು.

ಬೆಂಗಳೂರಿನ ಗೆಳೆಯರಿಗೆ ಹೇಳಿದರೆ, ‘ನಂಬಿಕೆ ಹೋದ ಮೇಲೆ ಯಾಕೆ ಇಟ್ಕೋಬೇಕು? ಅಂಗಡಿ ಅವರದ್ದು’ ಅಂತಾರೆ. ಸರಿಯಾದ ಪ್ರಶ್ನೆ. 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ 39ನೇ ಸೆಕ್ಷನ್ ಇದಕ್ಕೆ ದಾರಿ ಇಟ್ಟಿದೆ. ಆರು ತಿಂಗಳು ಸೇವೆ ಮಾಡಿದವರನ್ನು ತೆಗೆಯಲು ತಕ್ಕ ಕಾರಣ ಬೇಕು, ಒಂದು ತಿಂಗಳ ನೋಟಿಸ್ ಇಲ್ಲವೇ ಅಷ್ಟು ಸಂಬಳ ಕೊಡಬೇಕು. ದುರ್ನಡತೆ ಅಂತ ನೋಟಿಸ್ ಇಲ್ಲದೆ ತೆಗೆಯಬೇಕಾದರೆ ವಿಚಾರಣೆ ನಡೆಸಿ ಸಾಕ್ಷ್ಯ ದಾಖಲಿಸಬೇಕು. ಆಡಳಿತದ ಹುದ್ದೆಯವರಿಗೆ ಈ ರಕ್ಷಣೆ ಇಲ್ಲ, ನಿಜ. ಆದರೆ ಕಾರ್ಮಿಕ ಪ್ರಕರಣಗಳಲ್ಲಿ ಕೋರ್ಟುಗಳು ಹುದ್ದೆಯ ಹೆಸರಿಗಿಂತ ಮಾಡುವ ಕೆಲಸ ನೋಡ್ತವೆ. ‘ಮ್ಯಾನೇಜರ್’ ಕಾಕಾ ಮಾಡ್ತಿದ್ದದ್ದು ಚೀಲ ಎಣಿಸೋದು, ಬಿಲ್ ಬರೆಯೋದು. ಕಾಕಾ ಮಾತ್ರ ಎಲ್ಲಿಗೂ ಹೋಗಲಿಲ್ಲ. ‘ಕೇಸ್ ಹಾಕಿದ್ರ ಇನ್ನೂ ನಾಕು ಮಂದಿಗೆ ಗೊತ್ತಾಗತೈತಿ’ ಅಂದರು.

ಹಾಗಂತ ಕನಿಕರ ತೋರಿಸಿ ಅಂತ ನಾನು ಕೇಳ್ತಿಲ್ಲ. ಕೆಎಸ್‌ಆರ್‌ಟಿಸಿ ಕಂಡಕ್ಟರ್ ಒಬ್ಬರು ಪ್ರಯಾಣಿಕರಿಂದ 2.25 ರೂಪಾಯಿ ತಗೊಂಡು 1.75ರ ಟಿಕೆಟ್ ಕೊಟ್ಟ ಪ್ರಕರಣ 2001ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾಯಿತು. ತಲಾ ಐವತ್ತು ಪೈಸೆಗೆ ವಜಾ ಅತಿಯಾಯಿತು ಅಂತ ಅನಿಸಬಹುದು. ಕೋರ್ಟ್ ವಜಾ ಸರಿ ಅಂದಿತು. ನನಗೂ ಅದು ಒಪ್ಪಿಗೆ. ಅಲ್ಲಿ ತಪಾಸಣೆ ಆಗಿತ್ತು, ಪ್ರಯಾಣಿಕರ ಕೈಯಲ್ಲಿ ಟಿಕೆಟ್ ಇದ್ದವು, ವಿಚಾರಣೆ ನಡೆದಿತ್ತು. ಕಾಕಾನ ವಿಷಯದಲ್ಲಿ ಇದ್ದದ್ದು ಪರದೆ ಮೇಲಿನ ಒಂದು ಸಂಖ್ಯೆ.

ಪರದೆ ಮೇಲಿನ ಸಂಖ್ಯೆಯನ್ನು ನಂಬಿದರೆ ಏನಾಗುತ್ತೆ ಅನ್ನೋದಕ್ಕೆ ಬ್ರಿಟನ್ನಿನ ಅಂಚೆ ಸಂಸ್ಥೆ ನೋಡಿ. 1999ರಿಂದ ಅಲ್ಲಿ ಫುಜಿತ್ಸು ಕಂಪನಿಯ ‘ಹೊರೈಝನ್’ ಸಾಫ್ಟ್‌ವೇರ್ ಬಂತು. ಅದು ನಗದು ಕಡಿಮೆ ಇದೆ ಅಂದಿತು, ಸಂಸ್ಥೆ ನಂಬಿತು. 900ಕ್ಕೂ ಹೆಚ್ಚು ಜನರಿಗೆ ಶಿಕ್ಷೆಯಾಯಿತು. ಭಾರತೀಯ ಮೂಲದ ಸೀಮಾ ಮಿಶ್ರಾ 2010ರಲ್ಲಿ ಕಳ್ಳತನದ ಆರೋಪದಲ್ಲಿ ಜೈಲಿಗೆ ಹೋದಾಗ ಗರ್ಭಿಣಿ. ಸಾಫ್ಟ್‌ವೇರಿನಲ್ಲೇ ದೋಷಗಳಿದ್ದವು ಅಂತ ಲಂಡನ್ ಹೈಕೋರ್ಟ್ ಹೇಳಿದ್ದು 2019ರಲ್ಲಿ. ಸೀಮಾ ಅವರ ಶಿಕ್ಷೆ ರದ್ದಾಗಲು 2021 ಬಂತು. ಅಷ್ಟು ವರ್ಷ ಆ ಕೋಡ್ ಬರೆದವರೂ ನಮ್ಮ ಹಾಗೇ ಸಂಜೆ ಲ್ಯಾಪ್‌ಟಾಪ್ ಮುಚ್ಚಿ ಮನೆಗೆ ಹೋಗ್ತಿದ್ದಿರಬೇಕು.

ನಾನೂ ಹಾಗೇ ಹೋದವನು. ಕೆಲವು ವರ್ಷದ ಹಿಂದೆ ಅಂಗಡಿ ಸರಣಿಯೊಂದಕ್ಕೆ ಸಾಫ್ಟ್‌ವೇರ್ ಮಾಡ್ತಿದ್ವಿ. ನಗದು ಕಡಿಮೆ ಬಿದ್ದರೆ ಆಯಾ ಮ್ಯಾನೇಜರ್ ಹೆಸರಿನ ಮುಂದೆ ತಾನಾಗೇ ಬರಬೇಕು, ಸಂಬಳದಲ್ಲಿ ಮುರಿಯಬೇಕು ಅಂದರು. ಮುರಿಯೋ ಮುಂಚೆ ಅವರ ಉತ್ತರ ಬರೆಯೋಕೆ ಒಂದು ಜಾಗ ಇಡೋಣ ಅಂತ ಮೇಲ್ ಹಾಕಿದೆ. ಮುಂದಿನ ಹಂತದಲ್ಲಿ ನೋಡೋಣ ಅಂದರು. ಮುಂದಿನ ಹಂತ ಬರಲಿಲ್ಲ. ಸಂಬಳ ಮುರಿಯೋ ಕೋಡ್ ಬರೆದುಕೊಟ್ಟವನು ನಾನೇ. ಒಂದು ದಿನದ ಕೆಲಸ.

ಕಾಕಾ ಆಮೇಲೆ ಕಾರಟಗಿಯ ಒಂದು ಅಕ್ಕಿ ಗಿರಣಿಯಲ್ಲಿ ಚೀಲ ಎಣಿಸೋ ಕೆಲಸಕ್ಕೆ ಸೇರಿದರು. ರೊಕ್ಕ ಮುಟ್ಟೋ ಕೆಲಸ ಬ್ಯಾಡ ಅಂತ ಮೊದಲೇ ಹೇಳಿದ್ದರಂತೆ. ಈಗ ಮನೇಲೇ ಇರ್ತಾರೆ. ಊರಿಗೆ ಹೋದಾಗ ಹಾಲು, ಸಕ್ಕರೆ ತರೋಕೆ ಇನ್ನೂರು ರೂಪಾಯಿ ಕೊಟ್ಟರೆ, ಉಳಿದ ಚಿಲ್ಲರೆ ಜೊತೆ ಅಂಗಡಿಯವರ ಕೈಲಿ ಬರೆಸಿದ ಚೀಟಿಯನ್ನೂ ತಂದು ನನ್ನ ಮುಂದೆ ಇಡ್ತಾರೆ. ‘ಬ್ಯಾಡ ಬಿಡು ಕಾಕಾ’ ಅಂತೀನಿ. ‘ಎಣಿಸಿ ನೋಡು’ ಅಂತ ಅಲ್ಲೇ ನಿಂತಿರ್ತಾರೆ.